ಗೆರೆ ಇಲ್ಲದ ತಾಯಿ: ಸೂರಾನ ಚಿತ್ರ ನಕಲು ಮಾಡಿದ ಅನುಭವ

ಫ್ರೆಂಚ್ ಚಿತ್ರಕಾರ ಜಾರ್ಜ್ ಸೂರಾ ಎಂದರೆ ಎಲ್ಲರಿಗೂ ಬಣ್ಣದ ಚುಕ್ಕಿಗಳಿಂದ ಕಟ್ಟಿದ ಚಿತ್ರಗಳೇ ನೆನಪು. ನನಗೆ ಅವನ ಕಪ್ಪು-ಬಿಳುಪು ಡ್ರಾಯಿಂಗ್‌ಗಳ ಮೇಲೇ ಹೆಚ್ಚು ಪ್ರೀತಿ. 1882-83ರ ಹೊತ್ತಿಗೆ, ಕಸೂತಿ ಹಾಕುತ್ತ ಕೂತ ತನ್ನ ತಾಯಿಯನ್ನು ಅವನು ಬಿಡಿಸಿದ್ದ. ಈಗ ಅದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ; ಅಳತೆ ಸುಮಾರು 31 x 24 ಸೆಂ.ಮೀ. ಅಷ್ಟೇ. ಅದೇ ಅಳತೆಯಲ್ಲಿ ನಕಲು ಮಾಡಲು ಕೂತೆ.

ಬೇಕಾದದ್ದು ಎರಡೇ: ಕಪ್ಪು ಕಾಂಟೆ ಕ್ರೆಯಾನ್ (ಚಿತ್ರ ಬಿಡಿಸುವ ಗಟ್ಟಿ ಕಡ್ಡಿ), ಮೈತುಂಬ ಸಣ್ಣ ಏಣುಗಳಿರುವ ಲೇಡ್ ಪೇಪರ್. ಸೂರಾ ಬಳಸುತ್ತಿದ್ದದ್ದು ಮಿಶಲೆ ಎಂಬ ಇಂಥದೇ ಕಾಗದ. ನಾನು ಆಂಗ್ರ್ ಹೆಸರಿನಲ್ಲಿ ಮಾರುವ ಕಾಗದ ತಂದೆ. ತಮಾಷೆಯೆಂದರೆ, ಸೂರಾಗಿಂತ ಹಿಂದಿನ ಫ್ರೆಂಚ್ ಚಿತ್ರಕಾರನಾದ ಆ ಆಂಗ್ರ್ ತನ್ನ ಪೆನ್ಸಿಲ್ ಭಾವಚಿತ್ರಗಳಿಗೆ ಹೆಚ್ಚಾಗಿ ಆರಿಸಿಕೊಂಡದ್ದು ನುಣುಪು ಕಾಗದವನ್ನು!

ಕ್ರೆಯಾನನ್ನು ಅಡ್ಡ ಮಲಗಿಸಿ, ಒತ್ತದೆ ಹಗುರಾಗಿ ಸವರಿದರೆ ಕಪ್ಪು ಏಣುಗಳಿಗೆ ಮಾತ್ರ ಹತ್ತುತ್ತದೆ. ಹಳ್ಳಗಳು ಬೆಳ್ಳಗೇ ಉಳಿಯುತ್ತವೆ. ಚಿತ್ರದ ಬೆಳಕೆಲ್ಲ ಆ ಹಳ್ಳಗಳದ್ದೇ. ಗಾಢ ಕಪ್ಪು ಬೇಕಾದ ಕಡೆ ಒತ್ತಿ ಅವನ್ನೂ ತುಂಬಿಸಬೇಕು. ಬೆರಳಿನಿಂದ ತಿಕ್ಕಲೇಬಾರದು, ತಿಕ್ಕಿದರೆ ಬರಿ ಬೂದು ಉಳಿಯುತ್ತದೆ. ಕಾಂಟೆಯಲ್ಲಿ ಸ್ವಲ್ಪ ಜಿಡ್ಡಿರುವುದರಿಂದ ರಬ್ಬರಿಗೂ ಸುಲಭವಾಗಿ ಬಗ್ಗುವುದಿಲ್ಲ. ಹಾಗಾಗಿ ತಿಳಿಯಿಂದ ಗಾಢಕ್ಕೆ, ನಿಧಾನವಾಗಿ ಹೋದೆ.

ಕಷ್ಟವಾದದ್ದು ಹಣೆಯ ಅಂಚು. ಅಲ್ಲಿ ಗೆರೆಯೇ ಇಲ್ಲ. ಹಣೆ ಮುಗಿಯುವ ಕಡೆ ಹಿನ್ನೆಲೆಯನ್ನು ಒಂದಿಷ್ಟು ಹೆಚ್ಚು ಕಪ್ಪಾಗಿಸಬೇಕು, ಆಗ ಹಣೆ ತಾನೇ ಬೆಳಗುತ್ತದೆ. ಅಕ್ಕಪಕ್ಕದ ಛಾಯೆಗಳು ಒಂದನ್ನೊಂದು ಹೆಚ್ಚಿಸುತ್ತವೆ ಎಂದು ರಸಾಯನಶಾಸ್ತ್ರಜ್ಞ ಶೆವ್ರೆಲ್ 1839ರಲ್ಲೇ ವಿವರಿಸಿದ್ದ. ಸೂರಾ ಅದನ್ನು ಓದಿಕೊಂಡವನು.

ಅದೇ ತಲೆಯನ್ನು ಗಟ್ಟಿ ಪೆನ್ಸಿಲ್‌ನಲ್ಲಿ ನುಣುಪು ಹಾಳೆಯ ಮೇಲೂ ಬಿಡಿಸಿದೆ. ರೆಪ್ಪೆ, ಸುಕ್ಕು, ಕೂದಲೆಳೆ ಎಲ್ಲ ಬಂದವು. ಇಂಥವರೇ ಎಂದು ಗುರುತು ಹಿಡಿಯಬಹುದಾದ ಹೆಂಗಸಾದಳು. 1815ರ ನಂತರ ರೋಮಿನಲ್ಲಿ ಆಂಗ್ರ್ ಪ್ರವಾಸಿಗರ ಭಾವಚಿತ್ರ ಬರೆದು ಬದುಕಬೇಕಾಯಿತು. ಗುಂಡಿ, ಲೇಸು, ಟೋಪಿ ಎಲ್ಲ ಚೊಕ್ಕವಾಗಿ ಕಾಣಿಸುವ ಚೂಪು ಪೆನ್ಸಿಲ್ ಆ ಗಿರಾಕಿಗಳಿಗೆ ಒಪ್ಪುವಂಥದ್ದೇ. ಕಾಂಟೆಯ ಮೊಂಡು ಅಂಚಿಗೆ ಅದು ಆಗದು. ಮುಖದ ವಿವರ ಕರಗಿ ಬಾಗಿದ ತಲೆ, ಕೂಡಿದ ಕೈ ಮಾತ್ರ ನಿಲ್ಲುತ್ತವೆ. ತಾಯಿ ನಮ್ಮನ್ನು ನೋಡುತ್ತಿಲ್ಲ, ಕೆಲಸದಲ್ಲಿ ಮುಳುಗಿದ್ದಾಳೆ ಅನ್ನುವುದನ್ನು ಅರ್ಧಕ್ಕರ್ಧ ಹೇಳಿದ್ದು ಆ ಏಣುಗಳ ಕಾಗದವೇ ಎಂದು ನನಗನ್ನಿಸಿತು.

ನೀವೂ ಮಾಡುವುದಾದರೆ ಕಾಗದ ಕೊಳ್ಳುವ ಮೊದಲು ಒಂದು ತುಂಡಿನ ಮೇಲೆ ಕ್ರೆಯಾನನ್ನು ಅಡ್ಡವಾಗಿ ಸವರಿ ನೋಡಿ. ಏಣುಗಳು ಸಾಲುಸಾಲಾಗಿ ಮೇಲೆದ್ದು ಕಾಣದಿದ್ದರೆ ಅದನ್ನು ಬಿಟ್ಟು ಬೇರೆಯದನ್ನು ಕೇಳಿ.