ಬೆಂಗಳೂರಲ್ಲಿ ಮನೆ ಮಾಡುವಾಗ ನಾವು ಊರಿನ ದಿಕ್ಕು ನೋಡಿದ್ವಿ

ಎಲೆಕ್ಟ್ರಾನಿಕ್ ಸಿಟೀಲಿ ಕೆಲಸ ಅಂದ ತಕ್ಷಣ ಎಲ್ರೂ ಹೇಳಿದ್ದು ಒಂದೇ, ನೀಲಾದ್ರಿ ರೋಡ್ ಕಡೆ ಮನೆ ಮಾಡ್ಬಿಡು, ಆಫೀಸಿಗೆ ನಡ್ಕೊಂಡೇ ಹೋಗ್ಬೋದು ಅಂತ. ಬ್ಯಾಚುಲರ್‌ಗಳಿಗೆ ಸರಿ ಬಿಡಿ. ನಮ್ದು ಸಂಸಾರ, ಮಗಳನ್ನ ಸ್ಕೂಲಿಗೆ ಸೇರಿಸಬೇಕು, ನಮ್ಮೂರು ಹಲಗೂರಿಂದ ಅಮ್ಮ ಬಂದು ಹೋಗಿ ಮಾಡ್ತಾ ಇರ್ತಾರೆ, ಜಮೀನಿದೆ, ಹಬ್ಬ ಮದುವೆ ತಿಥಿ ಅಂತ ನಾವೂ ಓಡಾಡ್ತಾನೇ ಇರ್ಬೇಕು. ಕಂಪ್ನಿ ಎರಡು ಮೂರು ವರ್ಷಕ್ಕೆ ಬದಲಾದ್ರೂ ಆಯ್ತು, ಮಗು ಸ್ಕೂಲನ್ನ ಹಂಗೆ ಬದಲಾಯಿಸಕ್ಕಾಗಲ್ಲ, ಊರಂತೂ ಇರೋ ಜಾಗದಲ್ಲೇ ಇರತ್ತೆ. ಅದಕ್ಕೆ ಊರಿಗೆ ಹೋಗೋ ರೋಡು ಮೊದಲು, ಆಫೀಸು ಆಮೇಲೆ ಅಂತ ಲೆಕ್ಕ ಹಾಕಿದ್ವಿ.

ಬೇರೆಯವ್ರೂ ಎಷ್ಟೋ ಜನ ಹಿಂಗೇ ಮಾಡಿರೋದು, ಬಾಯಿಬಿಟ್ಟು ಹೇಳಲ್ಲ ಅಷ್ಟೇ. ತುಮಕೂರು ರೋಡಿನವ್ರು ದಾಸರಹಳ್ಳಿ ಲಗ್ಗೆರೆ ಕಡೆ, ಮಂಡ್ಯ ಮೈಸೂರಿನವ್ರು ಕೆಂಗೇರಿ ವಿಜಯನಗರ, ಕೋಲಾರದವ್ರು ಕೆ.ಆರ್.ಪುರ. ನಮ್ಗೆ ಮಳವಳ್ಳಿ, ಹಲಗೂರು, ಸಾತನೂರು, ಕನಕಪುರ ದಾಟಿ ಬಸ್ಸು ಬರೋದೇ ಕನಕಪುರ ರೋಡಲ್ಲಿ. ಹಬ್ಬದ ಹಿಂದಿನ ದಿನ ಸಂಜೆ ಮಗು ಬ್ಯಾಗು ಎಲ್ಲಾ ಹೊತ್ಕೊಂಡು ಬಸ್ ಹಿಡಿಯೋಕೇ ಅರ್ಧ ಬೆಂಗಳೂರು ದಾಟಿ ಹೋದೋರಿಗೆ ಗೊತ್ತು ಇದರ ಬೆಲೆ.

ಆಫೀಸಿನ ಕಡೆಯಿಂದ ನೋಡಿದ್ರೂ ಈ ರೋಡು ಅಷ್ಟೇನೂ ದೂರ ಅನ್ಸಲ್ಲ ಈಗ. ಮೆಟ್ರೋ ಗ್ರೀನ್ ಲೈನು 2021ರ ಜನವರಿಲೇ ಸಿಲ್ಕ್ ಇನ್‌ಸ್ಟಿಟ್ಯೂಟ್‌ವರೆಗೂ ಬಂತು, 2025ರ ಆಗಸ್ಟಲ್ಲಿ ಆರ್.ವಿ. ರೋಡಿಂದ ಎಲೆಕ್ಟ್ರಾನಿಕ್ ಸಿಟಿ ಮೇಲೆ ಬೊಮ್ಮಸಂದ್ರಕ್ಕೆ ಯೆಲ್ಲೋ ಲೈನೂ ಶುರುವಾಯ್ತು. ಕೋಣನಕುಂಟೆ ಕ್ರಾಸಲ್ಲಿ ಹತ್ತಿದ್ರೆ ನಾಲ್ಕನೇ ಸ್ಟೇಷನ್ನೇ ಆರ್.ವಿ. ರೋಡು, ಅಲ್ಲಿ ಲೈನ್ ಬದಲಾಯಿಸಿ ಸಿಲ್ಕ್ ಬೋರ್ಡ್ ಟ್ರಾಫಿಕ್ಕನ್ನ ಮೇಲಿಂದಾನೇ ನೋಡ್ಕೊಂಡು ಹೋಗ್ಬೋದು. ಶುರುವಲ್ಲಿ ಮೂರೇ ಟ್ರೈನು, 25 ನಿಮಿಷಕ್ಕೊಂದು, ಒಂದು ತಪ್ಪಿದ್ರೆ ಮುಗೀತು ಕಥೆ, ಆಮೇಲೆ ಟ್ರೈನ್ ಹೆಚ್ಚು ಮಾಡಿದ್ರು. ಮೆಟ್ರೋ ಕೈಕೊಟ್ರೆ ನೈಸ್ ರೋಡಿದೆ, ಟೋಲ್ ಕಟ್ಟಿ ಬೈಕಲ್ಲಿ ಹೋಗೋದು.

ದಿಕ್ಕು ಗೊತ್ತಾದ್ಮೇಲೆ ಉಳಿದಿದ್ದು ನೀರು. ನಿಜ ಹೇಳ್ಬೇಕಂದ್ರೆ ಏರಿಯಾ ಹುಡುಕೋದು ಅಂದ್ರೆ ಅರ್ಧ ನೀರು ಹುಡುಕೋದೇ. ಬೆಂಗಳೂರಿಗೆ ಕಾವೇರಿ ಪಂಪ್ ಮಾಡೋದೇ ನಮ್ಮ ಮಳವಳ್ಳಿ ತಾಲೂಕಿನ ತೊರೆಕಾಡನಹಳ್ಳಿಯಿಂದ, ಆ ಊರಿನವ್ರೇ ಇಲ್ಲಿಗೆ ಬಂದು ಟ್ಯಾಂಕರ್ ನೀರಿಗೆ ದುಡ್ಡು ಕೊಡೋದಂದ್ರೆ ಹೊಟ್ಟೆ ಉರಿಯಲ್ವಾ! 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆ ಅಂತ ಕಾವೇರಿ ಐದನೇ ಹಂತದ ನೀರು 2024ರ ಅಕ್ಟೋಬರಲ್ಲಿ ಬಿಟ್ರು, ಆದ್ರೆ ರಸ್ತೆಲಿ ಪೈಪಿದೆ ಅಂದ್ರೆ ಆ ಬಿಲ್ಡಿಂಗಿಗೆ ಕನೆಕ್ಷನ್ ಇದೆ ಅಂತಲ್ಲ. ಬ್ರೋಕರನ್ನ ಕೇಳಿದ್ರೆ ಎಲ್ಲಾ ಮನೇಲೂ "ಟ್ವೆಂಟಿಫೋರ್ ಅವರ್ಸ್ ವಾಟರ್ ಸಾರ್". ಹೌದು, ಟ್ಯಾಂಕಲ್ಲಿ ಇರತ್ತೆ, ಟ್ಯಾಂಕಿಗೆ ಎಲ್ಲಿಂದ ಬರತ್ತೆ ಅನ್ನೋದು ಪ್ರಶ್ನೆ.

ನಾವು ಕೇಳ್ತಿದ್ದಿದ್ದು ಇಸ್ತ್ರಿ ಗಾಡಿಯವ್ರನ್ನ. ಬೆಳಗ್ಗೆಯಿಂದ ಸಂಜೆವರೆಗೂ ಅದೇ ಬೀದೀಲಿ ನಿಂತಿರ್ತಾರೆ, ಯಾವ ಮನೆಗೆ ಯಾವ ಗಾಡಿ ಬರತ್ತೆ ಎಲ್ಲಾ ಗೊತ್ತಿರತ್ತೆ. ದೊಡ್ಡಕಲ್ಲಸಂದ್ರ ಕಡೆ ಒಂದು ಮನೆ ತುಂಬಾ ಹಿಡಿಸಿತ್ತು, ಗಾಳಿ ಬೆಳಕು ಎಲ್ಲಾ ಚೆನ್ನಾಗಿತ್ತು. ಎದುರಿಗೇ ಬಟ್ಟೆ ತೀಡ್ತಿದ್ದ ಹೆಂಗಸನ್ನ ಕೇಳ್ದೆ, "ಅಕ್ಕಾ, ಇಲ್ಲಿ ಕಾವೇರಿ ಬರತ್ತಾ?"

"ಬರ್ತದೆ ಕಣಣ್ಣ, ದಿನ ಬಿಟ್ಟು ದಿನ. ನೀವು ನೋಡ್ಕೊಂಡು ಬಂದ್ರಲ್ಲ, ಆ ಬಿಲ್ಡಿಂಗಿಗೆ ಮಾತ್ರ ಇಲ್ಲ, ಅವ್ರದ್ದು ಬರೀ ಬೋರು. ಬ್ಯಾಸ್ಗೇಲಿ ಟ್ಯಾಂಕರ್ರೇ."

ಅಲ್ಲಿಗೆ ಆ ಮನೆ ಕ್ಯಾನ್ಸಲ್. ಆಮೇಲಿಂದ ಮನೆ ಒಳಗೆ ಹೋಗೋಕೆ ಮುಂಚೆ ಸಂಪಿನ ಮುಚ್ಚಳ ತೆಗೆಸಿ ನೋಡೋದು, ನೀರಿನ ಬಿಲ್ ಕೇಳೋದು ಅಭ್ಯಾಸ ಆಯ್ತು. ಕೆಲವು ಓನರ್‌ಗಳು ಮುಖ ಸಿಂಡರಿಸ್ತಾರೆ, ಸಿಂಡರಿಸ್ಲಿ. ಕಾಂಪೌಂಡ್ ಗೋಡೆ ಕೆಳಗಡೆ ಒಂದೇ ಸಮನೆ ಕೆಸರಿನ ಗೆರೆ ಇದ್ಯಾ ಅಂತಾನೂ ನೋಡಿ, ಇದ್ರೆ ಮಳೇಲಿ ಅಲ್ಲಿವರೆಗೂ ನೀರು ನಿಂತಿದೆ ಅಂತ ಅರ್ಥ, ಪಕ್ಕದಲ್ಲಿ ರಾಜಕಾಲುವೆ, ಅಂದ್ರೆ ಮಳೆನೀರಿನ ದೊಡ್ಡ ಮೋರಿ, ಇದ್ರಂತೂ ಕೇಳೋದೇ ಬೇಡ.

ಇನ್ನೊಂದು ವಿಷ್ಯ, ನಾಟಿಕೋಳಿ. ಮಂಡ್ಯ ಕಡೆಯವ್ರು ಭಾನುವಾರ ಏನು ಮಾಡ್ತೀವಿ ಅಂತ ಎಲ್ರಿಗೂ ಗೊತ್ತು, ಈ ಕಡೆ ಸುಮಾರು ಓನರ್‌ಗಳು ವೆಜ್ ಫ್ಯಾಮಿಲಿ ಮಾತ್ರ ಅಂತಾರೆ. ಅಲ್ಲಿವರೆಗೂ ಹೋಗಿ ಮನೆ ಎಲ್ಲಾ ನೋಡಿ ಕೊನೇಲಿ ಅದನ್ನ ಕೇಳಿಸ್ಕೊಂಡು ಬರೋದು ಬೇಜಾರು, ಮರ್ಯಾದೆ ಪ್ರಶ್ನೆನೂ ಹೌದು. ಅದಕ್ಕೆ ಬಾಡಿಗೆ ಎಷ್ಟು ಅಂತ ಕೇಳೋಕೂ ಮುಂಚೆ ಫೋನಲ್ಲೇ ನಾನೇ ಹೇಳ್ಬಿಡ್ತಿದ್ದೆ, ಲಿಸ್ಟು ಅರ್ಧ ಖಾಲಿಯಾಗ್ತಿತ್ತು ಆದ್ರೆ ಓಡಾಟ ಉಳೀತು. ಅಡ್ವಾನ್ಸು ಹತ್ತು ತಿಂಗಳದ್ದು ಅಂತ ಶುರು ಮಾಡ್ತಾರೆ, ಐದಾರಕ್ಕೆ ಇಳಿಯೋರೂ ಇದ್ದಾರೆ, ಕೇಳಿ ನೋಡಿ. ಕರೆಂಟ್ ಮೀಟರ್ ನಿಮ್ಮ ಮನೆಗೇ ಬೇರೆ ಇದ್ಯಾ, ಹಳೇ ಬಾಡಿಗೆದಾರರು ಗೃಹಜ್ಯೋತಿ ಲಿಂಕ್ ತೆಗೆಸಿದಾರಾ ಅಂತ ಅಗ್ರಿಮೆಂಟ್ ಮಾಡೋ ಮುಂಚೆನೇ ನೋಡ್ಕೊಳಿ.

ಕೊನೆಗೆ ಕೋಣನಕುಂಟೆ ಕ್ರಾಸ್ ಹತ್ರ ಹಳೇ ಮನೆ, ಮೊದಲನೇ ಮಹಡಿ, ಕಾವೇರಿ ಇದೆ. ಟೈಲ್ಸ್ ಹಳೇದು, ಕಾರ್ ಪಾರ್ಕಿಂಗ್ ಇಲ್ಲ. ಸಾರಕ್ಕಿ ಸಿಗ್ನಲ್ ಟ್ರಾಫಿಕ್ ಬಗ್ಗೆ ನಾನೇನೂ ಹೇಳಲ್ಲ.

ವೈಟ್‌ಫೀಲ್ಡಲ್ಲಿ ಕೆಲಸ ಇರೋರು ಮಾತ್ರ ಇದನ್ನ ಓದಿ ಕನಕಪುರ ರೋಡಿಗೆ ಬರಬೇಡಿ, ಗ್ರೀನ್ ಲೈನಲ್ಲಿ ಮೆಜೆಸ್ಟಿಕ್‌ಗೆ ಹೋಗಿ ಪರ್ಪಲ್ ಹಿಡಿದು ಆ ಕೊನೆಗೆ ದಿನಾ ಹೋಗೋದು ಆಗೋ ಮಾತಲ್ಲ. ನೀವು ಮೈಸೂರು ರೋಡಿನ ಕಡೆಯವ್ರಾದ್ರೆ ಪರ್ಪಲ್ ಲೈನಲ್ಲೇ ಇರೋ ಅತ್ತಿಗುಪ್ಪೆ, ವಿಜಯನಗರ ನೋಡಿ. ಕೂತ್ಕೊಂಡೇ ಹೋಗ್ಬೇಕು ಅಂದ್ರೆ ಇನ್ನೂ ಹಿಂದಕ್ಕೆ ಕೆಂಗೇರಿಗೆ ಹೋಗಿ, ಲೈನ್ ಶುರುವಾಗೋ ಚಲ್ಲಘಟ್ಟ ಅಲ್ಲಿಂದ ಮುಂದಿನ ಸ್ಟೇಷನ್ನು.