ಆಲ್ಕೋಹಾಲ್ ಇಲ್ಲದ ಸ್ಪಾರ್ಕ್ಲಿಂಗ್ ವೈನ್: ರುಚಿ ನೋಡುವುದು ಹೇಗೆ?

ಚಿಕ್ಕಮಗಳೂರಲ್ಲಿ ಕಾಫಿ ರುಚಿ ನೋಡುವುದು ನನ್ನ ಕೆಲಸ. ತಂಗಿ ಮದುವೆ ಬಂತು, ಗುಳ್ಳೆ ಏಳುವ ಈ ವೈನ್ ಆರಿಸುವ ಹೊಣೆಯೂ ನನ್ನ ತಲೆಗೇ ಬಿತ್ತು.

ಮೊದಲು ಲೇಬಲ್ ಓದಿ. ವೈನ್ ಮಾಡಿ ಆಮೇಲೆ ಆಲ್ಕೋಹಾಲ್ ತೆಗೆದದ್ದಾ, ಸುಮ್ನೆ ದ್ರಾಕ್ಷಿ ರಸಕ್ಕೆ ಗ್ಯಾಸ್ ತುಂಬಿದ್ದಾ? ಎರಡೂ ಬೇರೆ ಬೇರೆ.

ಬಾಟಲಿ 6ರಿಂದ 8 ಡಿಗ್ರಿಯಷ್ಟು ತಣ್ಣಗಿರಲಿ. ನಮ್ಮೂರ ಮಳೆಗಾಲದ ಚಳಿಯನ್ನು ನಂಬಬೇಡಿ, ಫ್ರಿಜ್ಜಲ್ಲೇ ಇಡಿ. ಗ್ಲಾಸಿನಲ್ಲಿ ಸೋಪಿನ ಪಸೆ ಉಳಿದರೆ ಗುಳ್ಳೆ ಬೇಗ ಸಾಯುತ್ತದೆ. ನಾನು ಹೀಗೇ ಒಂದು ಒಳ್ಳೆಯ ಬಾಟಲಿಯನ್ನು ಸುಮ್ನೆ ಬೈದಿದ್ದೆ.

ಕಾಫಿಯ ಹಾಗೆ ಸೊರ್ ಅಂತ ಹೀರಬೇಡಿ, ನೊರೆ ಮೂಗಿಗೇರುತ್ತದೆ! ಸಣ್ಣ ಗುಟುಕು ತೆಗೆದುಕೊಂಡು ನಾಲಿಗೆ ಮೇಲೆ ಸ್ವಲ್ಪ ಹೊತ್ತು ಇಟ್ಟುಕೊಳ್ಳಿ. ಆಲ್ಕೋಹಾಲ್ ಹೋದರೆ ವೈನ್ ತೆಳುವಾಗುತ್ತದೆ. ಅದನ್ನು ಮುಚ್ಚಲು ಎಷ್ಟೋ ಕಡೆ ಸಕ್ಕರೆ ಜಾಸ್ತಿ ಹಾಕುತ್ತಾರೆ. ಹುಳಿ ಚುರುಕಾಗಿದ್ದು ಸಿಹಿಯನ್ನು ಹಿಡಿದಿಟ್ಟರೆ ನನ್ನ ಕಡೆಯಿಂದ ಒಳ್ಳೆಯ ಅಂಕ.

ಕಾಫಿಯ ಹುಳುಕು ಆರಿದ ಮೇಲೆ ತಾನೇ ಗೊತ್ತಾಗುವುದು? ಇದೂ ಹಾಗೇ. ಅರ್ಧ ಗಂಟೆ ಬಿಟ್ಟು, ಗುಳ್ಳೆ ಇಳಿದ ಮೇಲೆ ಮತ್ತೆ ಕುಡಿಯಿರಿ. ಹಸಿರು ಸೇಬು, ನಿಂಬೆ ಸಿಪ್ಪೆಯ ಪರಿಮಳ ಇನ್ನೂ ಇದೆಯಾ, ಬರೀ ಶರಬತ್ತಾ? ನಾನು ತಂದ ನಾಲ್ಕರಲ್ಲಿ ಮೂರು ಶರಬತ್ತೇ ಆಗಿದ್ದವು. ಅವನ್ನು ಮಕ್ಕಳು ಖಾಲಿ ಮಾಡಿದರು.