ಬೈಕಿಗೆ ಜೋರು ಹಾರ್ನ್: ರಿಲೇ ಜೋಡಿಸುವ ಸರಿಯಾದ ಕ್ರಮ

ನನ್ನ ಭಾವ ವಾರಕ್ಕೆರಡು ಸಲ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದು ಬೆಳ್ತಂಗಡಿಗೆ ಬೈಕಿನಲ್ಲಿ ಹೋಗಿಬರುವವರು. ಮಳೆಗಾಲದಲ್ಲಿ ಅಲ್ಲಿ ಮಂಜು ಕವಿದರೆ ಹತ್ತು ಮಾರು ಆಚೆಗೆ ಏನೂ ಕಾಣುವುದಿಲ್ಲ. ತಿರುವಿನ ಹಿಂದೆ ಲಾರಿ ಇದೆಯೇ ಎಂದು ತಿಳಿಯಲು ಕಿವಿಯೇ ಗತಿ. ನಾವಿದ್ದೇವೆ ಎಂದು ಲಾರಿಯವರಿಗೆ ತಿಳಿಸಲು ಹಾರ್ನೇ ಗತಿ. ಬೈಕಿನ ಜೊತೆ ಬಂದಿದ್ದ ಹಾರ್ನಿನ ಕೀರಲು ದನಿ ಬಸ್ಸಿನ ಎಂಜಿನ್ ಸದ್ದಿನಲ್ಲಿ ಮುಳುಗಿಹೋಗುತ್ತದೆ ಎಂದು ಅವರು ಜೋಡಿ ಹಾರ್ನ್ ಹಾಕಿಸಿಕೊಂಡರು. ಹಾಕಿದವರು ಹಳೆಯ ಹಾರ್ನಿನ ವೈರುಗಳನ್ನೇ ಹೊಸದಕ್ಕೆ ಸಿಕ್ಕಿಸಿ ಕಳಿಸಿದ್ದರು. ಮೂರು ತಿಂಗಳಲ್ಲಿ ಹಾರ್ನ್ ಸತ್ತಿತು. ಹ್ಯಾಂಡಲ್ ಮೇಲಿನ ಸ್ವಿಚ್ ಬಿಚ್ಚಿದರೆ ಒಳಗಿನ ಸಂಪರ್ಕ ಬಿಂದುಗಳು ಸುಟ್ಟು ಕಪ್ಪಾಗಿದ್ದವು, ಸುತ್ತಲಿನ ಪ್ಲಾಸ್ಟಿಕ್ ಕರಗಿ ಗುಂಡಿಗೆ ಅಂಟಿಕೊಂಡಿತ್ತು.

ನೂರಿನ್ನೂರು ರೂಪಾಯಿಯ ಒಂದು ರಿಲೇ, ಅಂದರೆ ಸಣ್ಣ ವಿದ್ಯುತ್ತಿನಿಂದ ದೊಡ್ಡ ವಿದ್ಯುತ್ತಿನ ದಾರಿಯನ್ನು ತೆರೆದು ಮುಚ್ಚುವ ಪುಟ್ಟ ಸ್ವಿಚ್, ಇದನ್ನು ತಪ್ಪಿಸುತ್ತಿತ್ತು. ಅದನ್ನು ಜೋಡಿಸುವುದು ಅರ್ಧ ದಿನದ ಕೆಲಸ. ಸ್ಪ್ಯಾನರ್ ಹಿಡಿಯಲು ಬರುವ ಯಾರಾದರೂ ಮನೆಯಂಗಳದಲ್ಲೇ ಮಾಡಬಹುದು. ಆದರೆ ಆತುರ ಸಲ್ಲದು. ಬ್ಯಾಟರಿಯಿಂದ ನೇರವಾಗಿ ತಂತಿ ಎಳೆಯುವ ಕೆಲಸದಲ್ಲಿ ಒಂದು ತಪ್ಪು ಜೋಡಣೆ ಇಡೀ ವೈರಿಂಗನ್ನು ಸುಡಬಲ್ಲದು.

ರಿಲೇ ಏಕೆ ಬೇಕು?

ಬೈಕಿನ ಜೊತೆ ಬರುವ ತಟ್ಟೆಯಾಕಾರದ ಹಾರ್ನ್ ಸಾಮಾನ್ಯವಾಗಿ 2ರಿಂದ 3 ಆಂಪಿಯರ್ ವಿದ್ಯುತ್ ಎಳೆಯುತ್ತದೆ. ಗುಂಡಿ, ಅದರ ತೆಳು ವೈರು, ಕನೆಕ್ಟರ್ ಎಲ್ಲವೂ ಆ ಅಳತೆಗೇ ತಯಾರಾಗಿರುತ್ತವೆ. ಮಾರುಕಟ್ಟೆಯ ಜೋರು ಹಾರ್ನುಗಳು ಒಂದೊಂದೂ 4ರಿಂದ 5 ಆಂಪಿಯರ್ ಬೇಡುತ್ತವೆ, ಜೋಡಿಗೆ 8ರಿಂದ 10 ಬೇಕು. ಅಷ್ಟನ್ನು ಹಳೆಯ ದಾರಿಯಲ್ಲೇ ಹರಿಸಿದರೆ ಗುಂಡಿ ಸುಡುವುದಷ್ಟೇ ಅಲ್ಲ, ಹಾರ್ನಿಗೆ ಪೂರ್ತಿ ವೋಲ್ಟೇಜ್ ತಲುಪುವುದೂ ಇಲ್ಲ. ಒಂದು ಲೆಕ್ಕ ನೋಡಿ. 0.5 ಚದರ ಮಿಲಿಮೀಟರಿನ ತಾಮ್ರದ ವೈರು 3 ಮೀಟರ್ ಇದ್ದು, ಅದರಲ್ಲಿ 8 ಆಂಪಿಯರ್ ಹರಿದರೆ ತಂತಿಯಲ್ಲೇ ಸುಮಾರು 0.8 ವೋಲ್ಟ್ ಕಳೆದುಹೋಗುತ್ತದೆ. ಕೀ ಸ್ವಿಚ್, ಹಾರ್ನ್ ಗುಂಡಿ, ತುಕ್ಕು ಹಿಡಿದ ಕನೆಕ್ಟರುಗಳು ತಿನ್ನುವುದು ಬೇರೆ. ಸಾವಿರಾರು ರೂಪಾಯಿ ಕೊಟ್ಟು ತಂದ ಹಾರ್ನ್ ಗಂಟಲು ಕಟ್ಟಿದಂತೆ ಕೂಗುವುದು ಈ ಕಾರಣಕ್ಕೆ.

ಕೆರೆಯ ತೂಬನ್ನು ನೆನೆಯಿರಿ. ತೂಬು ಎತ್ತಲು ಒಬ್ಬರ ತೋಳು ಸಾಕು, ಗದ್ದೆಗೆ ಹರಿಯುವ ನೀರಿನ ಭಾರ ಆ ತೋಳಿನ ಮೇಲೆ ಬೀಳುವುದಿಲ್ಲ. ರಿಲೇ ಕೂಡ ಹಾಗೆಯೇ. ಗುಂಡಿ ಒತ್ತಿದಾಗ ರಿಲೇಯೊಳಗಿನ ಸುರುಳಿಗೆ ಹರಿಯುವುದು ಸುಮಾರು 0.15 ಆಂಪಿಯರ್ ಮಾತ್ರ. ಸುರುಳಿ ಕಾಂತವಾಗಿ ಒಳಗಿನ ದಪ್ಪ ಸಂಪರ್ಕವನ್ನು ಎಳೆದುಕೊಳ್ಳುತ್ತದೆ, ಬ್ಯಾಟರಿಯ ವಿದ್ಯುತ್ ದಪ್ಪ ವೈರಿನಲ್ಲಿ ನೇರವಾಗಿ ಹಾರ್ನಿಗೆ ಹೋಗುತ್ತದೆ.

ಕೊಳ್ಳುವ ಮೊದಲು ಅಳೆಯಿರಿ

ಇದನ್ನು ನಾನು ಒತ್ತಿ ಹೇಳುತ್ತೇನೆ. ಹಾರ್ನ್ ಬದಲಿಸಲು ಬಂದವರಲ್ಲಿ ಎಷ್ಟೋ ಮಂದಿಗೆ ಹೊಸ ಹಾರ್ನ್ ಬೇಕಾಗಿರುವುದೇ ಇಲ್ಲ. ಮಲ್ಟಿಮೀಟರನ್ನು ಡಿಸಿ 20 ವೋಲ್ಟ್‌ಗೆ ಇಟ್ಟು, ಗುಂಡಿ ಒತ್ತಿಕೊಂಡೇ ಮೊದಲು ಬ್ಯಾಟರಿಯ ಎರಡು ತುದಿಗಳಲ್ಲಿ, ಆಮೇಲೆ ಹಾರ್ನಿನ ಎರಡು ಪಿನ್ನುಗಳಲ್ಲಿ ಅಳೆಯಿರಿ. ಬ್ಯಾಟರಿಯಲ್ಲಿ 12.4 ಇದ್ದು ಹಾರ್ನಿನಲ್ಲಿ 10.5 ಬಂದರೆ ರೋಗ ಹಾರ್ನಿನದಲ್ಲ, ದಾರಿಯದು. ಕನೆಕ್ಟರ್ ಬಿಚ್ಚಿ ಉಜ್ಜಿದರೆ, ಅಥವಾ ಇರುವ ಹಾರ್ನಿಗೇ ರಿಲೇ ಕೊಟ್ಟರೆ ಸಾಕಾಗಬಹುದು. ತಟ್ಟೆ ಹಾರ್ನುಗಳ ಹಿಂಬದಿಯಲ್ಲಿ ಒಂದು ಪುಟ್ಟ ತಿರುಪು ಇರುತ್ತದೆ. ಅದನ್ನು ಕಾಲು ಸುತ್ತಿನಷ್ಟು ಅತ್ತಿತ್ತ ತಿರುಗಿಸಿ ದನಿ ತೆರೆದುಕೊಳ್ಳುವ ಜಾಗ ಹುಡುಕಬಹುದು. ವರ್ಷಗಳ ಬಳಕೆಯಿಂದ ಈ ಹೊಂದಾಣಿಕೆ ತಪ್ಪಿರುತ್ತದೆ.

ಇಷ್ಟಾದ ಮೇಲೂ ಸಾಲದು ಎನಿಸಿದರೆ ಹೊಸದನ್ನು ತನ್ನಿ. ಆದರೆ ಯಾವುದನ್ನು? 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 119ನೇ ನಿಯಮದ ಪ್ರಕಾರ ಹಲವು ಸ್ವರಗಳನ್ನು ಒಂದರ ಹಿಂದೊಂದು ನುಡಿಸುವ ಹಾರ್ನ್, ಕರ್ಕಶವಾಗಿ ಬೆಚ್ಚಿಬೀಳಿಸುವ ಹಾರ್ನ್ ನಿಷಿದ್ಧ. ನಾಯಿ ಬೊಗಳುವ, ಮಗು ಅಳುವ, ಆಂಬುಲೆನ್ಸ್ ಸೈರನ್ನಿನಂತೆ ಕೂಗುವ ಹಾರ್ನುಗಳನ್ನು ಅಂಗಡಿಯವರು ಮುಂದಿಟ್ಟರೂ ಮುಟ್ಟಬೇಡಿ. ಬಸವನಹುಳುವಿನ ಚಿಪ್ಪಿನಂತಿರುವ ಒಂದೇ ಸ್ವರದ ವಿಂಡ್‌ಟೋನ್ ಹಾರ್ನ್ ಅಥವಾ ಒಂದು ಮಂದ್ರ, ಒಂದು ತಾರ ಎಂದು ಜೊತೆಯಾಗಿ ನುಡಿಯುವ ಜೋಡಿ ಸಾಕು. ಜೋಡಿ ಹಾರ್ನಿನ ಗುಣ ಇರುವುದು ಬರಿಯ ಅಬ್ಬರದಲ್ಲಿ ಅಲ್ಲ. ಎರಡು ಸ್ವರ ಒಟ್ಟಿಗೆ ಕೇಳಿದಾಗ ಕಾರು ಬರುತ್ತಿದೆ ಎಂದುಕೊಂಡು ಎದುರಿನವರು ಜಾಗ ಬಿಡುತ್ತಾರೆ.

ಅಗತ್ಯವಿಲ್ಲದೆ ಅಥವಾ ಬಿಡದೆ ಹಾರ್ನ್ ಬಾರಿಸಿದರೆ ಮೋಟಾರು ವಾಹನ ಕಾಯ್ದೆಯ 194ಎಫ್ ಕಲಮಿನಡಿ ಮೊದಲ ಸಲ 1,000, ಮತ್ತೆ ಸಿಕ್ಕಿದರೆ 2,000 ರೂಪಾಯಿ ದಂಡವಿದೆ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ 100 ಮೀಟರಿನಷ್ಟು ನಿಶ್ಶಬ್ದ ವಲಯದಲ್ಲಿ ಮತ್ತು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ವಸತಿ ಪ್ರದೇಶದಲ್ಲಿ ತುರ್ತಿಲ್ಲದೆ ಹಾರ್ನ್ ಮಾಡುವಂತಿಲ್ಲ. ಘಾಟಿಗೆಂದು ಹಾಕಿಸಿದ ಹಾರ್ನನ್ನು ಆಸ್ಪತ್ರೆಯ ಗೇಟಿನ ಮುಂದೆ ಒತ್ತುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಬ್ಯಾಟರಿಯ ಶಕ್ತಿಯನ್ನೂ ನೋಡಿಕೊಳ್ಳಿ. 100 ಸಿಸಿಯ ಬೈಕುಗಳಲ್ಲಿ 3 ಆಂಪಿಯರ್-ಅವರಿನಷ್ಟು ಪುಟ್ಟ ಬ್ಯಾಟರಿಗಳೂ ಇರುತ್ತವೆ. ಅಂಥವಕ್ಕೆ ಒಂಟಿ ಹಾರ್ನೇ ಸರಿ. ಹಳೆಯ 6 ವೋಲ್ಟಿನ ಜಾವಾ, ಯೆಜ್ಡಿ ಇಟ್ಟುಕೊಂಡವರು ಈ ಲೇಖನದ 12 ವೋಲ್ಟಿನ ರಿಲೇಯನ್ನು ಅದಕ್ಕೆ ಬಳಸುವಂತಿಲ್ಲ.

ಬೇಕಾದ ಸಾಮಾನು

12 ವೋಲ್ಟ್, 30 ಅಥವಾ 40 ಆಂಪಿಯರಿನ ನಾಲ್ಕು ಪಿನ್ನಿನ ರಿಲೇ, ಅದು ಕೂರುವ ಸಾಕೆಟ್, ಮುಚ್ಚಳವಿರುವ ಫ್ಯೂಸ್ ಹೋಲ್ಡರ್, ನೀಲಿ ಬಣ್ಣದ 15 ಆಂಪಿಯರ್ ಬ್ಲೇಡ್ ಫ್ಯೂಸ್ ಎರಡು. ಒಂದು ಹಾಕಲು, ಒಂದು ಸೀಟಿನಡಿ ಇಡಲು. ಮುಖ್ಯ ದಾರಿಗೆ 1.5 ಚದರ ಮಿಲಿಮೀಟರಿನ ವಾಹನದ ವೈರು ಕೆಂಪು, ಕಪ್ಪು ಎರಡೂ ಬಣ್ಣದಲ್ಲಿ ಎರಡೆರಡು ಮೀಟರ್; ಸುರುಳಿಯ ಕಡೆಗೆ 0.5ರ ವೈರು ಸಾಕು. ವೈರಿನ ತುದಿಗೆ ಒತ್ತಿ ಕೂರಿಸುವ ಲೋಹದ ತುಣುಕಿಗೆ ಲಗ್ ಎನ್ನುತ್ತಾರೆ; ಬ್ಯಾಟರಿಗೆ ಉಂಗುರದ ಲಗ್, ಹಾರ್ನಿಗೆ ಚಪ್ಪಟೆ ಲಗ್, ಲಗ್ ಒತ್ತುವ ಇಕ್ಕಳ, ಬಿಸಿ ಮಾಡಿದರೆ ಬಿಗಿಯಾಗುವ ಸ್ಲೀವ್, ಕೇಬಲ್ ಟೈ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ರಿಲೇ, ಫ್ಯೂಸ್ ಎಲ್ಲವೂ ಸೇರಿದ ಸಿದ್ಧ ವೈರಿಂಗ್ ಸೆಟ್ ಸಿಗುತ್ತದೆ. ಕೊಳ್ಳುವುದಾದರೆ ವೈರಿನ ತುದಿ ಸುಲಿಸಿ ನೋಡಿ. ಹೊರಗೆ ದಪ್ಪ ಪ್ಲಾಸ್ಟಿಕ್, ಒಳಗೆ ನಾಲ್ಕೇ ಎಳೆ ತಂತಿ ಇರುವ ಸೆಟ್ಟುಗಳು ಬಹಳ.

ಜೋಡಣೆ

ಕೀ ತೆಗೆಯಿರಿ, ಸೀಟು ಬಿಚ್ಚಿ, ಬ್ಯಾಟರಿಯ ನೆಗೆಟಿವ್ ತುದಿಯನ್ನು ಮೊದಲು ಕಳಚಿ. ಪಾಸಿಟಿವ್ ಮೊದಲು ಬಿಚ್ಚುವಾಗ ಸ್ಪ್ಯಾನರ್ ಚಾಸಿಗೆ ತಗುಲಿದರೆ ಕಿಡಿ ಹಾರುತ್ತದೆ. ಈ ಕ್ರಮವನ್ನು ಎಂದೂ ತಪ್ಪಿಸಬೇಡಿ.

ಮೊದಲು ಹಾರ್ನುಗಳನ್ನು ಕೂರಿಸಿ. ಹಾರ್ನಿನ ಜೊತೆ ಬರುವ ಬಾಗುವ ಪಟ್ಟಿಯ ಮೇಲೇ ಅದನ್ನು ನಿಲ್ಲಿಸಬೇಕು. ಗಟ್ಟಿ ಕಬ್ಬಿಣಕ್ಕೆ ಮೈ ತಾಗಿಸಿ ಬಿಗಿದರೆ ಕಂಪನ ಅಡಗಿ ದನಿ ಸೊರಗುತ್ತದೆ. ಬಸವನಹುಳುವಿನ ಬಾಯಿ ಕೆಳಮುಖವಾಗಿರಲಿ, ಇಲ್ಲದಿದ್ದರೆ ಮೊದಲ ಮಳೆಗೇ ನೀರು ತುಂಬುತ್ತದೆ. ಹ್ಯಾಂಡಲನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ, ಮುಂದಿನ ಬ್ರೇಕ್ ಹಿಡಿದು ಫೋರ್ಕನ್ನು ಕೆಳಗೊತ್ತಿ, ಹಾರ್ನ್ ಎಲ್ಲಿಯೂ ತಗುಲುವುದಿಲ್ಲ ಎಂದು ಖಚಿತಪಡಿಸಿಕೊಳ್ಳಿ. ಮಡ್‌ಗಾರ್ಡ್ ಮೇಲೆದ್ದು ಹಾರ್ನಿಗೆ ಸಿಕ್ಕಿಕೊಂಡರೆ ಆಗುವುದು ಅಪಘಾತ.

ರಿಲೇಯನ್ನು ಟ್ಯಾಂಕಿನ ಕೆಳಗೆ ಮುಂಭಾಗದಲ್ಲಿ, ಎಂಜಿನ್ ಬಿಸಿ ಮತ್ತು ನೀರು ಎರಡೂ ತಾಗದ ಜಾಗದಲ್ಲಿ, ಪಿನ್ನುಗಳು ಕೆಳಗೆ ನೋಡುವಂತೆ ಕಟ್ಟಿ. ರಿಲೇಯ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ 30, 85, 86, 87 ಎಂದು ಬರೆದಿರುತ್ತದೆ. ಕನ್ನಡಕ ಹಾಕಿಕೊಂಡು ಓದಿ, ಊಹಿಸಬೇಡಿ.

ಪಿನ್ 30ಕ್ಕೆ ಬ್ಯಾಟರಿಯ ಪಾಸಿಟಿವ್ ಬರಬೇಕು, ನಡುವೆ ಫ್ಯೂಸ್ ಇರಬೇಕು. ಫ್ಯೂಸ್ ಹೋಲ್ಡರ್ ಬ್ಯಾಟರಿಯಿಂದ ಒಂದು ಗೇಣಿನೊಳಗೇ ಇರಲಿ. ರಿಲೇಯ ಬಳಿ ಫ್ಯೂಸ್ ಇಟ್ಟರೆ ಬ್ಯಾಟರಿಯಿಂದ ಅಲ್ಲಿಯವರೆಗಿನ ವೈರಿಗೆ ರಕ್ಷಣೆಯೇ ಇಲ್ಲದಂತಾಗುತ್ತದೆ. ಆ ವೈರು ಟ್ಯಾಂಕಿನ ಅಡಿಯಲ್ಲೇ ಹಾದುಹೋಗುವುದು ಎಂಬುದನ್ನು ನೆನಪಿಡಿ. ಸದ್ಯಕ್ಕೆ ಫ್ಯೂಸ್ ಹಾಕಬೇಡಿ, ಹೋಲ್ಡರ್ ಖಾಲಿ ಇರಲಿ.

ಪಿನ್ 87ರಿಂದ ಹೊರಟ ಕೆಂಪು ವೈರನ್ನು ಎರಡಾಗಿ ಕವಲೊಡೆಸಿ ಎರಡೂ ಹಾರ್ನುಗಳ ಒಂದೊಂದು ಪಿನ್ನಿಗೆ ಕೊಡಿ. ಹಾರ್ನುಗಳ ಉಳಿದ ಪಿನ್ನುಗಳಿಂದ ಕಪ್ಪು ವೈರನ್ನು ಬ್ಯಾಟರಿಯ ನೆಗೆಟಿವ್‌ಗೇ ತನ್ನಿ. ಚಾಸಿಗೆ ಕೊಡುವುದಾದರೆ ಬೋಲ್ಟಿನ ಸುತ್ತಲಿನ ಬಣ್ಣ ಕೆರೆದು ಲೋಹ ಹೊಳೆಯುವಂತೆ ಮಾಡಿಯೇ ಕೊಡಬೇಕು. ದನಿ ಕ್ಷೀಣವಾಗಿದೆ ಎಂದು ಬಂದ ಬೈಕುಗಳಲ್ಲಿ ನಾನು ಮೊದಲು ನೋಡುವುದೇ ಈ ಅರ್ತಿಂಗನ್ನು.

ಇನ್ನುಳಿದದ್ದು 85 ಮತ್ತು 86. ಹಳೆಯ ಹಾರ್ನಿನಿಂದ ಕಳಚಿದ ಎರಡು ವೈರುಗಳನ್ನು ಈ ಎರಡು ಪಿನ್ನುಗಳಿಗೆ ಕೊಟ್ಟರೆ ಮುಗಿಯಿತು. ಕೆಲವು ಬೈಕುಗಳಲ್ಲಿ ಗುಂಡಿ ಪಾಸಿಟಿವನ್ನು ಹರಿಸುತ್ತದೆ, ಕೆಲವದರಲ್ಲಿ ನೆಗೆಟಿವನ್ನು. ಬೈಕಿಗೆ ತಕ್ಕಂತೆ ಬೇರೆ ಬೇರೆ ಚಿತ್ರ ಹುಡುಕಿ ಜನ ತಲೆ ಕೆಡಿಸಿಕೊಳ್ಳುತ್ತಾರೆ. ಎರಡೂ ವೈರುಗಳನ್ನು ಸುರುಳಿಗೇ ಕೊಟ್ಟರೆ ಆ ಪ್ರಶ್ನೆಯೇ ಏಳುವುದಿಲ್ಲ, ಹಳೆಯ ಹಾರ್ನ್ ಇದ್ದ ಜಾಗದಲ್ಲಿ ಈಗ ಸುರುಳಿ ಇದೆ ಅಷ್ಟೆ. ಹಳೆಯ ಕನೆಕ್ಟರನ್ನು ಕತ್ತರಿಸಬೇಡಿ. ಅದಕ್ಕೆ ಹೊಂದುವ ಗಂಡು ಲಗ್ ಒತ್ತಿದ ಎರಡು ತುಂಡು ವೈರು ಮಾಡಿಕೊಂಡು ಸಿಕ್ಕಿಸಿ. ನಾಳೆ ಮೂಲ ಹಾರ್ನ್ ಮತ್ತೆ ಹಾಕಬೇಕೆಂದರೆ ಐದು ನಿಮಿಷದ ಕೆಲಸ. ವಾರಂಟಿ ಇರುವ ಬೈಕಿನವರು ಆ ಷರತ್ತುಗಳನ್ನು ಓದಿಕೊಂಡೇ ಕೈಹಾಕಬೇಕು.

ಒಂದು ಎಚ್ಚರಿಕೆ ಇದೆ. ಸುರುಳಿಗೆ ವಿದ್ಯುತ್ ನಿಂತ ಕ್ಷಣದಲ್ಲಿ ಅದು ಎತ್ತರದ ವೋಲ್ಟೇಜಿನ ಒಂದು ಹೊಡೆತವನ್ನು ಹಿಂದಕ್ಕೆ ಕಳಿಸುತ್ತದೆ. ಎಲೆಕ್ಟ್ರಾನಿಕ್ ನಿಯಂತ್ರಣ ಘಟಕವಿರುವ ಬಿಎಸ್-6 ಬೈಕುಗಳಿಗೆ ಅದನ್ನು ತಡೆಯುವ ಡಯೋಡ್ ಅಥವಾ ರೆಸಿಸ್ಟರ್ ಇರುವ ರಿಲೇಯನ್ನೇ ಆರಿಸಿ. ಡಯೋಡ್ ಇದ್ದರೆ ಮಾತ್ರ ದಿಕ್ಕು ಮುಖ್ಯವಾಗುತ್ತದೆ. ಪಾಸಿಟಿವ್ 86ಕ್ಕೆ, ನೆಗೆಟಿವ್ 85ಕ್ಕೆ ಬರಬೇಕು. ರಿಲೇಯ ಮೈಮೇಲಿನ ಪುಟ್ಟ ಚಿತ್ರದಲ್ಲಿ ಡಯೋಡ್ ಇದೆಯೇ ಎಂದು ಕಾಣುತ್ತದೆ. ಯಾವ ವೈರು ಪಾಸಿಟಿವ್ ಎಂದು ತಿಳಿಯಲು, ಬ್ಯಾಟರಿ ಕಳಚುವುದಕ್ಕೂ ಮೊದಲೇ, ಕೀ ತಿರುಗಿಸಿ, ಹಳೆಯ ಹಾರ್ನ್ ವೈರುಗಳಿಗೆ ಮಲ್ಟಿಮೀಟರ್ ಹಿಡಿದು ಗುಂಡಿ ಒತ್ತಿ ಗುರುತು ಹಾಕಿಟ್ಟುಕೊಳ್ಳಿ.

ವೈರುಗಳನ್ನು ಚಾಸಿಯ ಗುಂಟ, ಸೈಲೆನ್ಸರ್ ಮತ್ತು ಎಂಜಿನ್ ಹೆಡ್ಡಿನಿಂದ ದೂರವಾಗಿ ಎಳೆಯಿರಿ. ಹ್ಯಾಂಡಲ್ ತಿರುಗುವ ಕತ್ತಿನ ಬಳಿ ಸ್ವಲ್ಪ ಸಡಿಲ ಬಿಡಿ. ಎಬಿಎಸ್ ಸೆನ್ಸರಿನ ವೈರಿನ ಜೊತೆ ಸೇರಿಸಿ ಕಟ್ಟಬೇಡಿ.

ಪರೀಕ್ಷೆ

ಪಾಸಿಟಿವ್ ಮೊದಲು, ನೆಗೆಟಿವ್ ಆಮೇಲೆ ಜೋಡಿಸಿ, ಕೊನೆಗೆ ಫ್ಯೂಸ್ ಹಾಕಿ. ಫ್ಯೂಸ್ ಹಾಕಿದೊಡನೆ, ಗುಂಡಿ ಮುಟ್ಟದಿದ್ದರೂ ಹಾರ್ನ್ ಕೂಗತೊಡಗಿದರೆ ನಿಮ್ಮ ಕೈಗೆ ಬಂದಿರುವುದು ಐದು ಪಿನ್ನಿನ ರಿಲೇ ಮತ್ತು ನೀವು ನಡುವಿನ 87ಎ ಪಿನ್ನಿಗೆ ವೈರು ಕೊಟ್ಟಿದ್ದೀರಿ. ಆ ಪಿನ್ ಸುರುಳಿ ಸುಮ್ಮನಿರುವಾಗಲೇ 30ಕ್ಕೆ ಸೇರಿಕೊಂಡಿರುತ್ತದೆ. ವೈರನ್ನು 87ಕ್ಕೆ ಬದಲಿಸಿ, 87ಎ ಖಾಲಿ ಬಿಡಿ.

ಕೀ ತಿರುಗಿಸಿ ಗುಂಡಿ ಒತ್ತಿ. ರಿಲೇ ಟಿಕ್ ಎಂದೂ ಹಾರ್ನ್ ಮೂಕವಾಗಿದ್ದರೆ ಸುರುಳಿಯ ಕಡೆ ಸರಿಯಿದೆ, ದೋಷ ಫ್ಯೂಸ್, 30, 87 ಅಥವಾ ಅರ್ತಿಂಗಿನಲ್ಲಿದೆ. ಟಿಕ್ ಸದ್ದೇ ಇಲ್ಲದಿದ್ದರೆ 85, 86ರ ಕಡೆ ಹುಡುಕಿ. ಫ್ಯೂಸ್ ಪದೇ ಪದೇ ಸುಟ್ಟರೆ ದೊಡ್ಡ ಫ್ಯೂಸ್ ಹಾಕಿ ಮುಂದುವರಿಯುವ ಮನಸ್ಸಾಗುತ್ತದೆ, ಹಾಗೆ ಮಾಡಲೇಬೇಡಿ. ಎಲ್ಲೋ ವೈರು ಸುಲಿದು ಚಾಸಿಗೆ ತಗುಲಿದೆ, ಅದನ್ನು ಹುಡುಕಿ.

ಎಲ್ಲ ಸರಿಯಿದ್ದರೆ ಮೊದಲು ಮಾಡಿದ ಅಳತೆಯನ್ನೇ ಮತ್ತೆ ಮಾಡಿ. ಗುಂಡಿ ಒತ್ತಿದಾಗ ಬ್ಯಾಟರಿಯ ಮತ್ತು ಹಾರ್ನಿನ ವೋಲ್ಟೇಜುಗಳ ಅಂತರ ಅರ್ಧ ವೋಲ್ಟಿನೊಳಗಿರಬೇಕು. ಭಾವನ ಬೈಕಿಗೆ ಹೊಸ ಸ್ವಿಚ್ ಹಾಕಿ, ರಿಲೇ ಕೊಟ್ಟು ಅಳೆದಾಗ ಅಂತರ 0.3 ವೋಲ್ಟ್ ಬಂತು. ಹಾರ್ನುಗಳು ಅವೇ ಹಳೆಯವು, ಆದರೆ ದನಿಯೇ ಬೇರೆಯಾಗಿತ್ತು. ಕೊನೆಯದಾಗಿ ಹ್ಯಾಂಡಲನ್ನು ಈ ತುದಿಯಿಂದ ಆ ತುದಿಗೆ ತಿರುಗಿಸುತ್ತಾ ಹಾರ್ನ್ ಒತ್ತಿ ನೋಡಿ. ನಡುವೆ ದನಿ ಕಡಿದರೆ ಕತ್ತಿನ ಬಳಿ ವೈರು ಬಿಗಿಯಾಗಿದೆ ಎಂದರ್ಥ.

ನೂರಿನ್ನೂರು ಕಿಲೋಮೀಟರ್ ಓಡಿಸಿದ ಮೇಲೆ ಹಾರ್ನಿನ ಬೋಲ್ಟುಗಳನ್ನೊಮ್ಮೆ ಬಿಗಿ ಮಾಡಿ, ಕಂಪನಕ್ಕೆ ಅವು ಸಡಿಲಗೊಂಡಿರುತ್ತವೆ. ಮೊದಲ ಜೋರು ಮಳೆಯ ಮರುದಿನ ರಿಲೇಯ ಸಾಕೆಟ್ ಬಿಚ್ಚಿ ನೋಡಿ. ಪಿನ್ನಿನ ಮೇಲೆ ಹಸಿರು ಕಿಲುಬು ಕಂಡರೆ ಉಜ್ಜಿ, ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ ಮತ್ತೆ ಒತ್ತಿ ಕೂರಿಸಿ.